ತುಕ್ಕು ಹಿಡಿಯದ ಚಾಕು

ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠವನ್ನು ನಾನು ಒಂಬತ್ತು ವರ್ಷಗಳಿಂದ ಮಾಡುತ್ತಿದ್ದೇನೆ. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಕಬ್ಬಿಣದ ಮೊಳೆಯನ್ನು ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಅದ್ದಿಟ್ಟರೆ ಕಬ್ಬಿಣವು ತಾಮ್ರವನ್ನು ಎಬ್ಬಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಎದ್ದು ಬಂದ ತಾಮ್ರ ಮೊಳೆಯ ಮೇಲೆ ಕೆಂಪಗೆ ಹತ್ತಿಕೊಳ್ಳುತ್ತದೆ, ನೀಲಿ ದ್ರಾವಣ ನಿಧಾನಕ್ಕೆ ಪೇಲವ ಹಸಿರಾಗುತ್ತದೆ. ಪುಸ್ತಕ ಇದನ್ನು ಸ್ಥಾನಪಲ್ಲಟ ಕ್ರಿಯೆ ಎನ್ನುತ್ತದೆ. ಇಷ್ಟೆಲ್ಲ ಗೊತ್ತಿದ್ದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಯಾರೂ ನನ್ನನ್ನು ‘ಪಾಪ, ಗೊತ್ತಿರಲಿಲ್ಲ’ ಎನ್ನಬಾರದು.

ನಮ್ಮಪ್ಪನಿಗೆ ಸ್ಥಾನಪಲ್ಲಟ ಎಂಬ ಶಬ್ದ ಗೊತ್ತಿರಲಿಲ್ಲ, ಅದು ನಡೆಯುವ ರೀತಿ ಮಾತ್ರ ಗೊತ್ತಿತ್ತು. ನಮ್ಮೂರು ಸಂಸೆಯ ಸುತ್ತಮುತ್ತಲಿನ ಕಾಫಿ ತೋಟಗಳಿಗೆ ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯಬೇಕು, ಇಲ್ಲದಿದ್ದರೆ ಎಲೆಗೆ ರೋಗ ಬಿದ್ದು ಗಿಡ ಬೋಳಾಗುತ್ತದೆ. ಔಷಧಿ ಎಂದರೆ ಮೈಲುತುತ್ತ ಮತ್ತು ಸುಣ್ಣ. ಪುಸ್ತಕದ ತಾಮ್ರದ ಸಲ್ಫೇಟೇ ನಮ್ಮೂರಿನ ಮೈಲುತುತ್ತ. ಒಂದು ಡ್ರಮ್ಮಿನಲ್ಲಿ ಮೈಲುತುತ್ತದ ನೀಲಿ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಮೂರನೇ ಡ್ರಮ್ಮಿಗೆ ಒಟ್ಟಿಗೆ ಸುರಿದು ಕಲಕಬೇಕು. ಸುಣ್ಣ ಕಮ್ಮಿಯಾದರೆ ಬಿಡಿ ತಾಮ್ರ ಉಳಿದುಕೊಂಡು ಎಲೆಯನ್ನೇ ಸುಡುತ್ತದೆ. ಸುಣ್ಣ ಸಾಕೋ ಬೇಕೋ ಎಂದು ತಿಳಿಯಲು ಅಪ್ಪ ಡ್ರಮ್ಮಿಗೆ ಚಾಕು ಅದ್ದುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ಇನ್ನೊಂದು ಚೆಂಬು ಸುಣ್ಣದ ನೀರು, ಮತ್ತೆ ಕಲಕು, ಮತ್ತೆ ಅದ್ದು. ಕೆಂಪು ಹತ್ತುವುದು ನಿಂತಾಗ "ಹೂಂ, ಹೊಡೀರಿ" ಎನ್ನುತ್ತಿದ್ದರು.

ಅಪ್ಪ ಎಸ್ಟೇಟೊಂದರಲ್ಲಿ ಆಳುಗಳ ಮೇಲಿನ ಮೇಸ್ತ್ರಿಯಾಗಿದ್ದು ಕೆಲಸ ಬಿಟ್ಟವರು. ಬಿಟ್ಟ ಮೇಲೂ ಪ್ರತಿ ಮೇ ತಿಂಗಳಲ್ಲಿ ನಮ್ಮ ಮನೆ ಮುಂದೆ ಬೆಳಿಗ್ಗೆ ಬೆಳಿಗ್ಗೆಯೇ ಯಾವುದಾದರೊಂದು ತೋಟದ ಜೀಪು ಬಂದು ನಿಲ್ಲುತ್ತಿತ್ತು. ಅಂಗಡಿಯಲ್ಲಿ ಔಷಧಿಗೆ ಅದ್ದಿ ನೋಡುವ ಪರೀಕ್ಷೆಯ ಕಾಗದ ಸಿಗುತ್ತದೆ, ಬೆರೆಸಿದ ಔಷಧಿಯೇ ಪೊಟ್ಟಣದಲ್ಲಿ ಸಿಗುತ್ತದೆ. ಆದರೂ "ಮೇಸ್ತ್ರಿ ಬಂದು ಒಂದ್ಸಲ ಅದ್ದಿ ಹೋಗ್ಲಿ" ಎನ್ನುತ್ತಿದ್ದರು. ಜೀಪಿನ ಮುಂದಿನ ಸೀಟಿನಲ್ಲಿ, ಸಾಹುಕಾರರ ಪಕ್ಕದಲ್ಲಿ ಕೂತು ಹೋಗುವಾಗ ಅಪ್ಪನ ಬೆನ್ನು ನೆಟ್ಟಗಾಗುತ್ತಿತ್ತು. ಅಮ್ಮ ಹೋದ ಮೇಲೆ ಅಪ್ಪನಿಗೆ ವರ್ಷದಲ್ಲಿ ಇದ್ದ ಹಬ್ಬ ಅದೊಂದೇ.

ಆ ಚಾಕು ಹಳೆಯದು. ಕಮ್ಮಾರನ ಹತ್ತಿರ ಬಡಿಸಿದ್ದು, ಕರೀ ಕಬ್ಬಿಣ, ಹಿಡಿ ಸಡಿಲ, ಮಳೆಗಾಲ ಬಂತೆಂದರೆ ಮೈತುಂಬ ತುಕ್ಕು. ಔಷಧಿಯ ಕಾಲ ಬಂದರೆ ಅಪ್ಪ ಜಗಲಿಯಲ್ಲಿ ಕೂತು ಅದನ್ನು ಬೆಣಚುಕಲ್ಲಿನ ಪುಡಿ ಹಾಕಿ ತಿಕ್ಕುತ್ತಿದ್ದರು. ಒಂದು ಸಲ ಹಾಗೆ ತಿಕ್ಕುವಾಗ ಹಿಡಿಯಿಂದ ಅಲಗು ಜಾರಿ ಅಂಗೈ ಕುಯ್ದುಕೊಂಡರು. ನನಗೆ ಸಿಟ್ಟು ಬಂತು. ಮರುವಾರ ಕಳಸದ ಪೇಟೆಗೆ ಹೋದವಳು ಪಾತ್ರೆ ಅಂಗಡಿಯಲ್ಲಿ ಒಳ್ಳೆಯ ಸ್ಟೀಲ್ ಚಾಕು ತೆಗೆದುಕೊಂಡೆ. "ಜನ್ಮದಲ್ಲಿ ತುಕ್ಕು ಹಿಡಿಯಲ್ಲ ಮೇಡಂ" ಎಂದ ಅಂಗಡಿಯವ. ನಾನು ವಿಜ್ಞಾನದ ಟೀಚರು, ಅದನ್ನು ಕೇಳಿ ಖುಷಿಯಾಗಿ ಚೀಲಕ್ಕೆ ಹಾಕಿಕೊಂಡೆ! ಥೂ, ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

"ಎಂತ ಮಾರಾಯ್ತಿ, ಹಿಂಗೆ ಹೊಳೀತದಲ್ಲ! ಇದ್ರಲ್ಲಿ ಮುಖ ನೋಡ್ಕಂಡು ಕ್ಷೌರ ಮಾಡ್ಕಬಹುದು" ಎಂದು ಅಪ್ಪ ನಕ್ಕರು. ಹಳೆಯದನ್ನು ನಾನೇ ಗುಜರಿಯವನಿಗೆ ಹಾಕಿದೆ. ಅಪ್ಪ ಬೇಡ ಅನ್ನಲಿಲ್ಲ. ಮಗಳು ತಂದದ್ದು ಎಂದು ಹೊಸ ಚಾಕುವನ್ನು ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ವರ್ಷದ ಮೊದಲ ಜೀಪು ಹತ್ತಿದರು.

ಮೊದಲ ತೋಟ ನಮ್ಮ ಊರಿನ ದೊಡ್ಡ ಸಾಹುಕಾರರದು. ಆ ದಿನ ಅಲ್ಲಿ ನಡೆದದ್ದನ್ನು ಅಪ್ಪ ಆಮೇಲೆ ನನಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಸುಣ್ಣದ ಚೀಲ ಮೊದಲೇ ಬಾಯಿ ಬಿಚ್ಚಿತ್ತು, ತಣ್ಣಗೆ ಉಂಡೆಗಟ್ಟಿತ್ತು. ಗಾಳಿ ಕುಡಿದ ಸುಣ್ಣಕ್ಕೆ ಶಕ್ತಿ ಇರುವುದಿಲ್ಲ, ಹೆಚ್ಚು ಬೇಕಾಗುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು. ಇವತ್ತು ಐದಾರು ಚೆಂಬಾದರೂ ಮೇಲೆ ಹಾಕಬೇಕಾದೀತು ಎಂದುಕೊಂಡೇ ಚಾಕು ಅದ್ದಿದರು. ಅಲಗು ಬೆಳ್ಳಗೆ ಹೊಳೆಯುತ್ತಾ ಹೊರಗೆ ಬಂತು. ಮತ್ತೆ ಅದ್ದಿದರು, ಹೆಚ್ಚು ಹೊತ್ತು ಇಟ್ಟರು, ಬೆಳ್ಳಗೇ ಇತ್ತು. ಮೂರನೇ ಸಲವೂ ಹಾಗೇ. "ಔಷಧಿ ಬಣ್ಣ ಯಾಕೋ ಸ್ವಲ್ಪ ಪೆಚ್ಚು ಅನ್ನಿಸ್ತು ಮಗಾ. ಆದ್ರೆ ಚಾಕು ಸುಳ್ಳು ಹೇಳ್ತದಾ ಅಂದ್ಕಂಡೆ" ಎಂದರು. ನಲವತ್ತು ವರ್ಷ ಅದು ಸುಳ್ಳು ಹೇಳಿರಲಿಲ್ಲ. "ಹೂಂ, ಹೊಡೀರಿ" ಎಂದುಬಿಟ್ಟರು.

ವಾರದೊಳಗೆ ಆ ತೋಟದ ಚಿಗುರೆಲ್ಲ ಕಂದಿತು. ಎಲೆಯ ಅಂಚು ಸುಟ್ಟು ಮುರುಟಿಕೊಂಡಿತು, ಹೂವು ಮುಗಿದು ಕಟ್ಟಿದ್ದ ಎಳೆ ಕಾಯಿ ಉದುರಿತು, ಮರಕ್ಕೆ ಹಬ್ಬಿಸಿದ್ದ ಮೆಣಸಿನ ಬಳ್ಳಿಯೂ ಕಪ್ಪಾಯಿತು. ಸಾಹುಕಾರರು ಬಂದು ಅಪ್ಪನನ್ನು ಕರೆದುಕೊಂಡು ಹೋಗಿ ತೋಟ ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಇಬ್ಬರೂ ಕೂಗಾಡಿ ಹಗುರಾಗುತ್ತಿದ್ದರು. ಅಪ್ಪ ಅಂಗಿಯ ಜೇಬಿನಲ್ಲಿ ನಾಲ್ಕು ಎಲೆ ಇಟ್ಟುಕೊಂಡು ನಡೆದೇ ಮನೆಗೆ ಬಂದರು.

"ನಿನ್ ಶಾಲೇಲಿ ಚಿಕ್ಕದನ್ನ ದೊಡ್ಡದು ಮಾಡಿ ನೋಡೋದು ಉಂಟಲ್ಲ. ನೋಡ್ಕಂಡು ಬಾ. ರೋಗವಾ, ಔಷಧಿಯಾ, ಅಷ್ಟು ಹೇಳು ನಂಗೆ" ಎಂದರು.

ಶಾಲೆ ಆಗತಾನೇ ಶುರುವಾಗಿತ್ತು. ನಾನು ಅಲ್ಲಿ ಅತಿಥಿ ಶಿಕ್ಷಕಿ. ಅತಿಥಿ ಎಂದರೆ ಪ್ರತಿ ಜೂನ್‌ನಲ್ಲಿ ಹೊಸದಾಗಿ ಕರೆಯಬೇಕು. ಕರೆಯದಿದ್ದರೆ ಮನೆಯಲ್ಲೇ ಇರಬೇಕು. ಮುಖ್ಯೋಪಾಧ್ಯಾಯರು ಶಾಲಾ ಸಮಿತಿಯವರನ್ನು ಒಂದು ಮಾತು ಕೇಳಿಯೇ ಕರೆಯುವುದು, ಸಮಿತಿಯಲ್ಲಿ ಅದೇ ಸಾಹುಕಾರರ ಮಾತು ನಡೆಯುವುದು. ಇದು ಆಮೇಲೆ ಬೇಕಾಗುತ್ತದೆ, ಅದಕ್ಕೆ ಹೇಳಿದೆ.

ಒಂಬತ್ತನೆಯವರಿಗೆ ಜೀವಕೋಶದ ಪಾಠ ಇತ್ತು. ಪುಸ್ತಕದಲ್ಲಿ ಈರುಳ್ಳಿ ಸಿಪ್ಪೆ ಎಂದಿದೆ. ನಾನು ಅಪ್ಪನ ಜೇಬಿನ ಎಲೆ ತೆಗೆದೆ. ಕೋಶಕ್ಕೊಂದು ಪೊರೆ ಇದೆ, ಯಾವುದು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ನೋಡಿಕೊಳ್ಳುವುದು ಅದೇ ಎಂದು ಶುರು ಮಾಡಿದೆ. ನಮ್ಮ ಮಕ್ಕಳಿಗೆ ಪೊರೆಯ ವಿಷಯ ಹೇಳುವುದು ಸುಲಭ, ಮಳೆಗಾಲದಲ್ಲಿ ಜಿಗಣೆ ಹತ್ತದ ಕಾಲಿಲ್ಲ. "ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಹಾಕಿದ್ರೆ ಎಂತಾಗ್ತದೆ?" ಎಂದು ಕೇಳಿದರೆ ಇಡೀ ತರಗತಿ "ಸಾಯ್ತದೆ ಮಿಸ್!" ಎಂದು ಕೂಗುತ್ತದೆ. ಯಾಕೆ ಸಾಯ್ತದೆ ಎಂದರೆ ಎಲ್ಲರೂ ಚಪ್ಪಗಾಗುತ್ತಾರೆ. ಹೊರಗೆ ಉಪ್ಪು ಹೆಚ್ಚಾಯಿತು, ಒಳಗಿನ ನೀರು ಪೊರೆ ದಾಟಿ ಹೊರಗೆ ಓಡಿತು, ಕೋಶ ಬತ್ತಿತು ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸುತ್ತೇನೆ. ಆಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಬ್ಲೇಡಿನಲ್ಲಿ ಎಲೆಯನ್ನು ಆದಷ್ಟು ತೆಳ್ಳಗೆ ಕುಯ್ದು, ಒಂದು ಹನಿ ನೀರು ಹಾಕಿ, ಮೊದಲು ನಾನು ನೋಡಿದೆ. ಒಳ್ಳೆಯ ಎಲೆಯಲ್ಲಿ ಕೋಶದ ತುಂಬ ಹಸಿರು ಕಾಳುಗಳಿರುತ್ತವೆ, ಕ್ಲೋರೋಪ್ಲಾಸ್ಟ್. ಗಿಡದ ಅಡುಗೆಮನೆ ಎಂದು ನಾನು ಹೇಳುವುದು ಅದನ್ನೇ. ಇಲ್ಲಿ ಒಂದೂ ಹಸಿರಿರಲಿಲ್ಲ. ಗೋಡೆಗಳು ಹಾಗೇ ನಿಂತಿದ್ದವು, ಒಳಗೆ ಪೊರೆ ಹರಿದು ಎಲ್ಲವೂ ಕಂದು ಗಸಿಯಾಗಿ ಒಂದು ಮೂಲೆಗೆ ಸೇರಿತ್ತು. ರೋಗ ಬಿದ್ದಿದ್ದರೆ ಎಲೆಯ ಅಡಿಗೆ ಕಿತ್ತಳೆ ಬಣ್ಣದ ಹುಡಿ ಇರಬೇಕಿತ್ತು. ನಾಲ್ಕೂ ಎಲೆ ತಿರುಗಿಸಿ ನೋಡಿದೆ, ಇರಲಿಲ್ಲ. ಮಕ್ಕಳು ಸಾಲಾಗಿ ಬಂದು ಒಂದು ಕಣ್ಣು ಮುಚ್ಚಿ ನೋಡಿ ಹೋದರು. "ಇದು ಸತ್ತ ಜೀವಕೋಶ, ಬರ್ಕೊಳ್ಳಿ" ಎಂದೆ.

ಸಂಜೆ ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು. ನಾನು ಸುಳ್ಳು ಹೇಳಬಹುದಿತ್ತು. ಆದರೆ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದ ಜಂಬ ಬೇರೆ. "ರೋಗ ಅಲ್ಲಪ್ಪ. ಔಷಧಿಯೇ. ತಾಮ್ರ ಹೆಚ್ಚಾಗಿದೆ" ಎಂದೆ.

ಅಪ್ಪ ಗೇಟಿನ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಕೊನೆಗೆ, "ಹಂಗಾದ್ರೆ ಕೆಂಪು ಹತ್ತಿತ್ತು. ನಂಗೆ ಕಾಣ್ಲಿಲ್ಲ. ಕಣ್ಣು ಹೋಗಿದೆ ನಂದು" ಎಂದರು. ಮಾರನೆಯ ದಿನ ತಾವೇ ಸಾಹುಕಾರರ ಮನೆಗೆ ಹೋಗಿ, ನನ್ನ ಕಣ್ಣಿನ ತಪ್ಪು ಎಂದು ಹೇಳಿ ಕೈಮುಗಿದು ಬಂದರು. ಸಂಸೆಯಿಂದ ಕಳಸದವರೆಗೆ ಸುದ್ದಿ ತಲುಪಲು ಎರಡು ದಿನ ಸಾಕಾಯಿತು. ಎರಡನೇ ಜೀಪು ಬರಲಿಲ್ಲ. ಅಪ್ಪ ಮಾತ್ರ ಬೆಳಿಗ್ಗೆ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು, ಮಳೆ ಹಿಡಿದ ಮೇಲೂ ಒಂದು ವಾರ ಕೂತರು. ಆಮೇಲೆ ಅಂಗಿ ಹಾಕಿಕೊಳ್ಳುವುದನ್ನು ಬಿಟ್ಟರು.

ಮನೆಯಲ್ಲಿ ಪ್ರತಿಯೊಂದಕ್ಕೂ ನನ್ನನ್ನು ಕರೆಯತೊಡಗಿದರು. ಈ ಅಕ್ಕಿಯಲ್ಲಿ ಕಲ್ಲಿದೆಯಾ ನೋಡು, ಹಾಲು ಒಡೆದಿದೆಯಾ ನೋಡು, ಅಂಗಿಯ ಬಣ್ಣ ಬಿಳಿಯಾ ಹಳದಿಯಾ. ನನಗೋ ಉತ್ತರ ಪತ್ರಿಕೆ ತಿದ್ದುವ ಗಡಿಬಿಡಿ. "ಎಲ್ಲ ಸರಿ ಇದೆ, ಸುಮ್ನಿರಿ" ಎಂದು ರೇಗುತ್ತಿದ್ದೆ.

ಹತ್ತನೆಯವರಿಗೆ ಆ ಮೊದಲ ಪಾಠ ಬಂತು. ಶಾಲೆಯಲ್ಲಿ ಮೊಳೆ ಇರಲಿಲ್ಲ. ಮನೆಯಿಂದ ಏನಾದರೂ ಕಬ್ಬಿಣದ ಚೂರು ತನ್ನಿ ಎಂದಿದ್ದೆ. ಮೈಲುತುತ್ತಕ್ಕೆ ಏನು ಬರ, ನಾಲ್ವರು ತಂದಿದ್ದರು. ಮೊಳೆ, ಬೀಗದ ಕೈ, ಮುರಿದ ಕುಡುಗೋಲಿನ ತುದಿ, ಹೀಗೆ ಒಂದೊಂದನ್ನು ಒಂದೊಂದು ಲೋಟಕ್ಕೆ ಹಾಕಿ ಸಾಲಾಗಿ ಇಟ್ಟೆವು. ಒಬ್ಬಳು ಹುಡುಗಿ, ಬಾಯಿ ಜೋರು, ಎಲ್ಲದಕ್ಕೂ ಪ್ರಶ್ನೆ ಕೇಳುವವಳು, ಸ್ಟೀಲ್ ಚಮಚ ತಂದಿದ್ದಳು. ಅರ್ಧ ಗಂಟೆಯಲ್ಲಿ ಉಳಿದೆಲ್ಲ ಲೋಟದಲ್ಲೂ ಕೆಂಪು ಹತ್ತಿತು.

"ಮಿಸ್, ನಂದು ಕೆಂಪಾಗ್ಲೇ ಇಲ್ಲ. ನನ್ ಲೋಟದಲ್ಲಿ ಮೈಲುತುತ್ತ ಕಮ್ಮಿ ಹಾಕಿದ್ರಾ?"

"ಎಲ್ಲರಿಗೂ ಒಂದೇ ಹಾಕಿದ್ದು ಕಣೇ" ಎಂದು ನಾನು ಬೋರ್ಡಿನ ಕಡೆ ತಿರುಗಿದೆ. "ಚಮಚದ್ದು ಬರೀ ಕಬ್ಬಿಣ ಅಲ್ಲ. ಅದಕ್ಕೆ ಕ್ರೋಮಿಯಂ ಬೆರೆಸಿರ್ತಾರೆ. ಅದರ ಮೇಲೆ ಕಣ್ಣಿಗೆ ಕಾಣದ ಒಂದು ಪದರ ಇರ್ತದೆ, ಆ ಪದರ ಒಳಗಿನ ಕಬ್ಬಿಣವನ್ನ ಹೊರಗೆ ಬಿಡಲ್ಲ. ಅದಕ್ಕೇ ತುಕ್ಕೂ ಹಿಡಿಯಲ್ಲ, ಅದಕ್ಕೇ ಎಷ್ಟು ಮೈಲುತುತ್ತ ಇದ್ರೂ..."

ಸೀಮೆಸುಣ್ಣ ಬೋರ್ಡಿಗೆ ಹಚ್ಚಿಯೇ ಇತ್ತು, ಕೈ ಮುಂದೆ ಹೋಗಲಿಲ್ಲ. ಹಿಂದಿನಿಂದ ಆ ಹುಡುಗಿ "ಇದ್ರೂ ಎಂತ ಮಿಸ್?" ಎಂದಳು. "ಇದ್ರೂ ಕೆಂಪು ಹತ್ತಲ್ಲ" ಎಂದೆ. ಮಕ್ಕಳು ಬರೆದುಕೊಂಡರು. ಬೆಲ್ಲು ಹೊಡೆಯುವವರೆಗೂ ನಾನು ಕಿಟಕಿಯ ಹತ್ತಿರ ನಿಂತಿದ್ದೆ, ಯಾರೋ ಮಿಸ್‌ಗೆ ಹುಷಾರಿಲ್ಲ ಎಂದು ನೀರು ತಂದುಕೊಟ್ಟರು.

ಬಸ್ಸಿಗೆ ಕಾಯದೆ ಬಾಡಿಗೆ ಜೀಪು ಹಿಡಿದು ಮನೆಗೆ ಬಂದೆ. ಅಪ್ಪನ ಮುಂದೆ ಒಂದು ಲೋಟದಲ್ಲಿ ಮೈಲುತುತ್ತ ಕರಗಿಸಿ, ಒಂದು ಮೊಳೆ ಹಾಕಿದೆ, ಆ ದರಿದ್ರದ ಚಾಕುವನ್ನೂ ಹಾಕಿದೆ. ಮೊಳೆ ಕೆಂಪಾಯಿತು. ಚಾಕು ಆಗಲಿಲ್ಲ. ಅಪ್ಪ ಬಗ್ಗಿ ನೋಡಿದರು, ಎದ್ದು ನಿಂತು ನೋಡಿದರು, ಎರಡನ್ನೂ ಹೊರಗೆ ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಹಂಗಾದ್ರೆ ನನ್ ಕಣ್ಣು ಸರಿ ಇತ್ತಾ?"

"ಸರಿ ಇತ್ತಪ್ಪ. ತಪ್ಪು ನಂದು. ನಾನು ಕೊಟ್ಟ ಚಾಕುವಿಂದು."

ಅಪ್ಪ ಎದುರು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಕೂತಲ್ಲಿಂದಲೇ, ದಿನಾಂಕದ ಕೆಳಗಿನ ಇರುವೆ ಸಾಲಿನಂಥ ಅಕ್ಷರ ಓದಿದರು. "ಇವತ್ತು ತ್ರಯೋದಶಿ. ನಾಡಿದ್ದು ಹುಣ್ಣಿಮೆ." ಅವರ ಮುಖ ಅರಳಿತು. ದೇವರಾಣೆ, ಆ ಒಂದು ನಿಮಿಷ ಅಪ್ಪ ಚಿಕ್ಕ ಹುಡುಗರ ಹಾಗೆ ನಕ್ಕರು. ನಾನು ಕಣ್ಣೊರೆಸಿಕೊಂಡು, ನಾಳೆಯೇ ಹೋಗಿ ಸಾಹುಕಾರರಿಗೆ ಹೇಳಿ ಬರ್ತೀನಿ ಎಂದೆ.

ನಗು ಹೋಯಿತು. "ಬೇಡ" ಎಂದರು.

"ಯಾಕಪ್ಪ?"

"ಎಂತ ಹೇಳ್ತೀಯ? ಸೈನ್ಸ್ ಟೀಚರು ಕೊಟ್ಟ ಚಾಕುವಿಂದ ತೋಟ ಸುಟ್ಟೋಯ್ತು ಅಂತ್ಲಾ? ನಂಗೆ ವಯಸ್ಸಾಯ್ತು, ಕಣ್ಣು ಹೋಯ್ತು ಅಂದ್ರೆ ಜನ ಪಾಪ ಅಂತಾರೆ, ಅಲ್ಲಿಗೆ ಮುಗೀತದೆ. ನಿನ್ ಬುದ್ಧಿ ಹೋಯ್ತು ಅಂದ್ರೆ ಮಕ್ಕಳನ್ನ ನಿನ್ ಹತ್ರ ಯಾರು ಕಳಿಸ್ತಾರೆ? ಬರೋ ಜೂನಲ್ಲಿ ನಿನ್ನ ಯಾರು ಕರೀತಾರೆ? ಸುಮ್ನಿರು. ಇದು ಈ ಮನೆ ದಾಟೋದು ಬೇಡ."

ಅಪ್ಪ ಹೇಳಿದರು, ನಾನು ಸುಮ್ಮನಾದೆ. ಇಲ್ಲ, ಅದು ಪೂರ್ತಿ ನಿಜವಲ್ಲ. ಅಪ್ಪ ಬೇಡ ಎಂದಾಗ ನನ್ನ ಎದೆಯ ಮೇಲಿಂದ ಒಂದು ಕಲ್ಲು ಇಳಿದ ಹಾಗಾಯಿತು. ಅದನ್ನೂ ಬರೆದುಬಿಡಬೇಕು.

ಆಗಸ್ಟಿನಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತು. ಎರಡನೇ ಸಲ ಔಷಧಿ ಹೊಡೆಯುವವರು ಹೊಡೆಯುವುದು ಅಂಥ ಬಿಡುವಿನಲ್ಲೇ. ನಾನು, ಅಪ್ಪ ಛತ್ರಿ ರಿಪೇರಿಗೆಂದು ಕಳಸಕ್ಕೆ ಹೋಗಿದ್ದೆವು. ಬಸ್‌ ಸ್ಟ್ಯಾಂಡಿನ ಎದುರು ಗೊಬ್ಬರದ ಅಂಗಡಿಯ ಮುಂದೆ ಸಾಹುಕಾರರ ಜೀಪು ನಿಂತಿತ್ತು, ಮೈಲುತುತ್ತದ ಚೀಲ ಹೇರುತ್ತಿದ್ದರು. ಅಪ್ಪ ತಪ್ಪಿಸಿಕೊಂಡು ಹೋಗಲು ನೋಡಿದರು. ಅಷ್ಟರಲ್ಲಿ ಅವರೇ ಕರೆದರು.

"ಏನ್ ಮೇಸ್ತ್ರಿ, ಈ ಕಡೆ ಬರ್ಲೇ ಇಲ್ಲ? ಕಣ್ಣು ಹೆಂಗಿದೆ?"

"ಹಂಗೇ ಇದೆ ಸಾವ್ಕಾರ್ರೇ" ಎಂದರು ಅಪ್ಪ, ತಲೆ ತಗ್ಗಿಸಿ.

ಸಾಹುಕಾರರು ನನ್ನ ಕಡೆ ತಿರುಗಿದರು. "ಟೀಚರಮ್ಮ, ಒಂದ್ ಮಾತು ಕೇಳ್ತೀನಿ. ನಲವತ್ತು ವರ್ಷದಲ್ಲಿ ಇವರ ಕೈಯಲ್ಲಿ ಒಂದ್ ಎಲೆ ಸುಟ್ಟಿರ್ಲಿಲ್ಲ. ನಂಗ್ಯಾಕೋ ಮನಸ್ಸು ಒಪ್ತಾ ಇಲ್ಲ. ನಿಜವಾಗ್ಲೂ ಕಣ್ಣೇನಾ? ಸುಣ್ಣದ್ದೋ, ಚಾಕುದ್ದೋ, ಬೇರೆ ಎಂತಾದ್ರೂ ತಪ್ಪಿತ್ತಾ? ನೀವು ಓದಿದೋರು, ಹೇಳಿ. ಬೇರೆ ಇದ್ರೆ ನಾಳೆ ಬೆಳಿಗ್ಗೇನೇ ಮೇಸ್ತ್ರಿಗೆ ಜೀಪ್ ಕಳಿಸ್ತೀನಿ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ಯಾರಿಗೂ ಹೇಳಬೇಡ ಎಂದವರು ಅವರೇ. ಆದರೆ ಆ ನೋಟ ಬೇಡ ಎನ್ನುತ್ತಿರಲಿಲ್ಲ. ಉತ್ತರ ಗೊತ್ತಿದ್ದೂ ಕೈ ಎತ್ತಲಾರದ ಮಕ್ಕಳು ಪಕ್ಕದವರು ಹೇಳಲಿ ಎಂದು ಕಾಯುತ್ತಾರಲ್ಲ, ಹಾಗೆ ಕಾಯುತ್ತಿದ್ದರು. ಇಡೀ ಪಾಠ ನನ್ನ ನಾಲಿಗೆಯ ಮೇಲಿತ್ತು. ಒಂದೇ ಒಂದು ವಾಕ್ಯ ಸಾಕಿತ್ತು. ಅಂಗಡಿಯ ಕಟ್ಟೆಯ ಮೇಲೆ ನಮ್ಮ ಶಾಲೆಯ ಇಬ್ಬರು ಮಕ್ಕಳ ಅಪ್ಪಂದಿರು ಕೂತಿದ್ದರು, ಅವರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಕಣ್ಣೇ ಸರ್" ಎಂದೆ. "ವಯಸ್ಸಾಯ್ತಲ್ಲ."

"ಛೆ, ಪಾಪ" ಎಂದರು ಸಾಹುಕಾರರು. ಆಪರೇಷನ್ ಮಾಡಿಸುವುದಾದರೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಜೀಪು ಹತ್ತಿದರು. ಮುಂದಿನ ಸೀಟಿನಲ್ಲಿ ಯಾರೋ ಹೊಸಬ ಕೂತಿದ್ದ, ಮಡಿಲಲ್ಲಿ ಪರೀಕ್ಷೆಯ ಕಾಗದದ ಡಬ್ಬಿ ಇತ್ತು.

ನಾವು ರಸ್ತೆಯ ಅಂಚಿನಲ್ಲಿ ನಿಂತೆವು. ಎದುರಿಗೆ ಹತ್ತು ಹೆಜ್ಜೆ ದೂರದಲ್ಲಿ ನಮ್ಮ ಬಸ್ಸು ನಿಂತಿತ್ತು, ಹಣೆಯ ಮೇಲೆ ಸಂಸೆ ಎಂದು ಗೇಣುದ್ದದ ಅಕ್ಷರ. ಅಪ್ಪನ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಕಟ್ಟೆಯ ಮೇಲೆ ಕೂತವರಿಗೆ ಕೇಳುವಷ್ಟು ಜೋರಾಗಿ ಅಪ್ಪ ಕೇಳಿದರು.

"ಮಗಾ, ಅದು ಎಲ್ಲಿಗೆ ಹೋಗೋ ಬಸ್ಸು? ಸ್ವಲ್ಪ ನೋಡಿ ಹೇಳು."

"ನಮ್ದೇ ಅಪ್ಪ. ಸಂಸೆ ಬಸ್ಸು" ಎಂದೆ. ಕೈ ಹಿಡಿದು ರಸ್ತೆ ದಾಟಿಸಿ, ಮೆಟ್ಟಿಲು ತೋರಿಸಿ, ಹತ್ತಿಸಿದೆ.